ಮೈಕ್ರೊಬಯಾಲಜಿ ಓದಿದವಳಿಗೆ ಹಾಸನದಲ್ಲಿ ಕೆಲಸ ಸಿಕ್ಕ ಬಗೆ

2022ರ ನವೆಂಬರ್‌ನಲ್ಲಿ ಎಂ.ಎಸ್ಸಿ. ಮೈಕ್ರೊಬಯಾಲಜಿಯ, ಅಂದರೆ ಸೂಕ್ಷ್ಮಜೀವಿ ವಿಜ್ಞಾನದ, ಅಂಕಪಟ್ಟಿ ಹಿಡಿದು ಮೈಸೂರಿನಿಂದ ಊರಿಗೆ ಮರಳಿದಾಗ, ಈ ಓದಿಗೆ ಎಲ್ಲೆಲ್ಲಿ ಕೆಲಸ ಸಿಗುತ್ತದೆ ಎಂಬುದರ ಬಗ್ಗೆ ನನಗಿದ್ದ ತಿಳಿವಳಿಕೆ ತೀರ ಕಡಿಮೆ. ಪದವಿ ಕಾಲೇಜಿನಲ್ಲಿ ಪಾಠ ಹೇಳಬಹುದು, ಇಲ್ಲವೇ ಬೆಂಗಳೂರಿನ ಯಾವುದಾದರೂ ಬಯೋಟೆಕ್ ಕಂಪನಿಗೆ ಸೇರಬಹುದು. ಇವೆರಡನ್ನು ಬಿಟ್ಟು ಮೂರನೆಯದೊಂದು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಊರು ಹಾಸನ ತಾಲ್ಲೂಕಿನ ದುದ್ದ ಹೋಬಳಿಗೆ ಸೇರಿದ್ದು. ಮನೆಯಲ್ಲಿ ಎರಡೂವರೆ ಎಕರೆ ಜಮೀನು, ಮೂರು ಹಸು. ಮುಂಗಾರಿಗೆ ಆಲೂಗಡ್ಡೆ, ಅದು ಮುಗಿದ ಮೇಲೆ ರಾಗಿ ಅಥವಾ ಮುಸುಕಿನ ಜೋಳ. ಊರಿನಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯಲ್ಲಿ ತಲುಪುವ ಹಾಸನದಲ್ಲೇ ನನ್ನ ಓದಿಗೆ ತಕ್ಕ ಕೆಲಸವಿರಬಹುದು ಎಂಬ ಯೋಚನೆ ನನಗಾಗಲೀ ಅಪ್ಪಾಜಿಗಾಗಲೀ ಅಂದು ಬರಲಿಲ್ಲ. ಈಗ ನಾನು ಅದೇ ಹಾಸನದ ಹೊರವಲಯದ ಔಷಧ ಕಾರ್ಖಾನೆಯೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿದ್ದೇನೆ. ನಡುವಿನ ಹದಿನೇಳು ತಿಂಗಳಲ್ಲಿ ನಡೆದದ್ದನ್ನು ನನ್ನ ಕಾಲೇಜಿನ ಕಿರಿಯರು ಮತ್ತೆ ಮತ್ತೆ ಕೇಳುವುದರಿಂದ, ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಪಾಠ ಹೇಳುವ ದಾರಿ ಬೇಗನೆ ಮುಚ್ಚಿಕೊಂಡಿತು. ಪದವಿ ಕಾಲೇಜಿಗೆ ಸಹಾಯಕ ಪ್ರಾಧ್ಯಾಪಕರಾಗಲು ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಗಳಲ್ಲಿ ಒಂದು ಅಥವಾ ಪಿಎಚ್.ಡಿ. ಬೇಕು. ಸಿಎಸ್‌ಐಆರ್ ನೆಟ್‌ನಲ್ಲಿ ಮೈಕ್ರೊಬಯಾಲಜಿ ಎಂಬ ಪ್ರತ್ಯೇಕ ವಿಷಯವೇ ಇಲ್ಲ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನ, ಜೈವಿಕ ತಂತ್ರಜ್ಞಾನ ಓದಿದವರೆಲ್ಲ ‘ಜೀವ ವಿಜ್ಞಾನ’ ಎಂಬ ಒಂದೇ ಪತ್ರಿಕೆಯನ್ನು ಬರೆಯಬೇಕು. 200 ಅಂಕದ ಆ ಪತ್ರಿಕೆಯಲ್ಲಿ ನಾನು ಎರಡು ವರ್ಷ ಓದಿದ ವಿಷಯಕ್ಕೆ ಸಿಗುವ ಪಾಲು ಚಿಕ್ಕದು, ಜೊತೆಗೆ ತಪ್ಪು ಉತ್ತರಕ್ಕೆ ಅಂಕ ಕಡಿತ. ಒಮ್ಮೆ ಬರೆದೆ, ಆಗಲಿಲ್ಲ. ಮತ್ತೆ ಕುಳಿತು ಓದಲು ಮನೆಯ ಪರಿಸ್ಥಿತಿ ಬಿಡಲಿಲ್ಲ.

ಹಾಗಾಗಿ 2022ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿಗೆ ಹೋದೆ. ಯಶವಂತಪುರದ ಬಳಿ ಸೋದರಮಾವನ ಮನೆಯಿತ್ತು. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೂಲಕ ರೈಲು ಓಡಲು ಶುರುವಾದ ಮೇಲೆ ಹಾಸನದವರಿಗೆ ಬೆಂಗಳೂರು ಹತ್ತಿರವಾಗಿದೆ. ಆದರೆ ಯಶವಂತಪುರದಿಂದ ಕಾರ್ಖಾನೆಗಳಿರುವ ಬೊಮ್ಮಸಂದ್ರಕ್ಕೋ ಜಿಗಣಿಗೋ ಹೋಗುವ ಹೊತ್ತಿಗೆ ಅಂದು ಇನ್ನೊಂದು ಊರಿಗೆ ಪಯಣಿಸಿದಷ್ಟು ಸಮಯ ಹಿಡಿಯುತ್ತಿತ್ತು. ಬೊಮ್ಮಸಂದ್ರಕ್ಕೆ ಮೆಟ್ರೊ ಬಂದದ್ದು 2025ರ ಆಗಸ್ಟ್‌ನಲ್ಲಿ. ನಾನು ಬೆಳಗ್ಗೆ ಐದೂವರೆಗೆ ಮನೆ ಬಿಟ್ಟು, ಎರಡು ಬಸ್ಸು ಬದಲಿಸಿ, ಒಂಬತ್ತಕ್ಕೆ ಮೊದಲು ಕಾರ್ಖಾನೆಯ ಗೇಟಿನ ಮುಂದೆ ಸಾಲಿನಲ್ಲಿ ನಿಂತಿರುತ್ತಿದ್ದೆ.

ಬೆಂಗಳೂರಿನಲ್ಲಿ ಬಯೋಟೆಕ್ ಉದ್ಯಮ ಬೇರೂರಿದ್ದಕ್ಕೆ ದೀರ್ಘ ಇತಿಹಾಸವಿದೆ. ಕಿರಣ್ ಮಜುಂದಾರ್ ಶಾ ಅವರು ಬಯೋಕಾನ್ ಆರಂಭಿಸಿದ್ದು 1978ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಜೀವ ವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಮುಂತಾದ ಸಂಸ್ಥೆಗಳು ಅಲ್ಲಿಯೇ ಇವೆ. ರಾಜ್ಯ ಸರ್ಕಾರ 2001ರಲ್ಲಿಯೇ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತ್ತು. ಆದ್ದರಿಂದ ಜೀವ ವಿಜ್ಞಾನ ಓದಿದ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, ಎಲ್ಲರೂ ಹೋಗುವುದರಿಂದಲೇ ಸಾಲು ಉದ್ದವಾಗುತ್ತದೆ. ನಾನು ನಿಂತ ಸಾಲುಗಳಲ್ಲಿ ಕಲಬುರಗಿ, ದಾವಣಗೆರೆಯವರಲ್ಲದೆ ಆಂಧ್ರ, ಕೇರಳ, ಒಡಿಶಾದವರೂ ಇರುತ್ತಿದ್ದರು. ‘ವಾಕ್-ಇನ್’, ಅಂದರೆ ನೇರ ಸಂದರ್ಶನದ ಪ್ರಕಟಣೆಯಲ್ಲಿ ಹೊಸಬರಿಗೆ ಅವಕಾಶವಿದೆ ಎಂದಿದ್ದರೂ, ಮೇಜಿನ ಆಚೆ ಕುಳಿತವರ ಮೊದಲ ಪ್ರಶ್ನೆ ಅನುಭವದ ಬಗ್ಗೆಯೇ ಇರುತ್ತಿತ್ತು.

ಮೂರ್ನಾಲ್ಕು ಸಂದರ್ಶನಗಳಾದ ಮೇಲೆ ಈ ಕ್ಷೇತ್ರದೊಳಗಿನ ವಿಂಗಡಣೆ ಅರ್ಥವಾಯಿತು. ನಾವು ಕಾಲೇಜಿನಲ್ಲಿ ಕನಸು ಕಾಣುವ ಸಂಶೋಧನಾ ವಿಭಾಗಕ್ಕೆ ಪಿಎಚ್.ಡಿ. ಆದವರನ್ನೋ ಹಲವು ವರ್ಷ ದುಡಿದವರನ್ನೋ ತೆಗೆದುಕೊಳ್ಳುತ್ತಾರೆ. ಔಷಧದ ಅಡ್ಡಪರಿಣಾಮಗಳ ವರದಿಗಳನ್ನು ಕಂಪ್ಯೂಟರಿನಲ್ಲಿ ಪರಿಶೀಲಿಸುವ ಕೆಲಸಗಳಿಗೆ ಹೆಚ್ಚಾಗಿ ಫಾರ್ಮಸಿ ಓದಿದವರನ್ನು ಕೇಳುತ್ತಾರೆ. ನಮ್ಮಂಥ ಹೊಸ ಎಂ.ಎಸ್ಸಿ.ಯವರಿಗೆ ಉಳಿಯುವುದು ಉತ್ಪಾದನಾ ವಿಭಾಗ ಮತ್ತು ಗುಣಮಟ್ಟ ಪರೀಕ್ಷೆ, ಅಂದರೆ ಎಲ್ಲರೂ ‘ಕ್ಯೂಸಿ’ ಎನ್ನುವ ವಿಭಾಗ. ಇಷ್ಟನ್ನು ಮೊದಲೇ ತಿಳಿದಿದ್ದರೆ ನಾನು ಕಳಿಸಿದ ಅರ್ಜಿಗಳಲ್ಲಿ ಅರ್ಧದಷ್ಟನ್ನು ಕಳಿಸುತ್ತಲೇ ಇರಲಿಲ್ಲ.

ಆ ದಿನಗಳ ಒಂದು ಸಂದರ್ಶನವನ್ನು ವಿವರವಾಗಿ ಹೇಳಬೇಕು, ಏಕೆಂದರೆ ನನಗೆ ಕೆಲಸ ಸಿಗದಿರಲು ನಿಜವಾದ ಕಾರಣವೇನೆಂದು ತಿಳಿದದ್ದು ಅಲ್ಲಿ. ಸಂದರ್ಶಿಸಿದವರು ಐವತ್ತು ದಾಟಿದ ಒಬ್ಬ ಹಿರಿಯರು. ಮಾದರಿಯನ್ನು ನೂರು ಪಟ್ಟು ತೆಳುಗೊಳಿಸಿ ಒಂದು ಮಿಲಿಲೀಟರ್ ಹಾಕಿದ ಪ್ಲೇಟಿನಲ್ಲಿ 42 ಕಾಲೊನಿ, ಅಂದರೆ ಸೂಕ್ಷ್ಮಜೀವಿಗಳು ಬೆಳೆದ ಚುಕ್ಕೆಗಳು, ಬಂದರೆ ಮೂಲ ಮಾದರಿಯ ಒಂದು ಮಿಲಿಲೀಟರಿನಲ್ಲಿ ಎಷ್ಟು ಜೀವಿಗಳಿರುತ್ತವೆ ಎಂದು ಕೇಳಿದರು; 4,200 ಎಂದೆ. ಬ್ಯಾಕ್ಟೀರಿಯಗಳ ಬಗೆ ಗುರುತಿಸಲು ‘ಗ್ರಾಂ’ ಬಣ್ಣ ಹಾಕುವ ಕ್ರಮ ಕೇಳಿದರು, ಹೇಳಿದೆ. ಆಮೇಲೆ, ‘ಏನನ್ನೂ ಹಾಕದ ಕಂಟ್ರೋಲ್ ಪ್ಲೇಟಿನಲ್ಲಿ ಒಂದು ಕಾಲೊನಿ ಕಂಡರೆ ಏನು ಮಾಡುತ್ತೀಯಮ್ಮ?’ ಎಂದರು. ಅಂಥ ಪ್ಲೇಟಿನಲ್ಲಿ ಏನೂ ಬೆಳೆಯಬಾರದು. ಪ್ಲೇಟನ್ನು ಎಸೆದು ಪರೀಕ್ಷೆಯನ್ನು ಹೊಸದಾಗಿ ಮಾಡುತ್ತೇನೆ ಎಂದು ನಾನು ತಡವರಿಸದೆ ಹೇಳಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಮಾಡುತ್ತಿದ್ದದ್ದು ಹಾಗೆಯೇ. ಅವರು ಪೆನ್ನು ಕೆಳಗಿಟ್ಟು, ‘ಮೊದಲು ಬರೆದಿಡಬೇಕು. ಎಸೆದ ಮೇಲೆ ಅದು ಹೇಗೆ ಬಂತು ಎಂದು ಹುಡುಕುವುದು ಹೇಗೆ?’ ಎಂದರು. ಔಷಧ ಕಾರ್ಖಾನೆಗಳಲ್ಲಿ ನಿಗದಿತ ರೀತಿಗೆ ಹೊರತಾಗಿ ನಡೆದ ಪ್ರತಿಯೊಂದನ್ನೂ ‘ಡೀವಿಯೇಷನ್’ ಎಂದು ದಾಖಲಿಸಿ, ಕಾರಣ ಪತ್ತೆ ಮಾಡಿ, ಆಮೇಲೆ ಮಾತ್ರ ಪರೀಕ್ಷೆಯನ್ನು ಪುನಃ ಮಾಡಬೇಕು ಎಂಬುದು ನನಗೆ ಆ ದಿನದವರೆಗೂ ತಿಳಿದಿರಲಿಲ್ಲ. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕದ ಹತ್ತಿರ ಹೋಗಿದ್ದ ನನಗೆ ಆ ಶಬ್ದವನ್ನು ಯಾರೂ ಒಮ್ಮೆಯೂ ಹೇಳಿರಲಿಲ್ಲ. ಇದು ಒಬ್ಬ ಅಧ್ಯಾಪಕರ ದೋಷವೆಂದು ನಾನು ಹೇಳಲಾರೆ. ನಮಗೆ ಕಲಿಸಿದವರಲ್ಲಿ ಕಾರ್ಖಾನೆಯ ಒಳಗೆ ಕಾಲಿಟ್ಟವರೇ ವಿರಳ. ಆದರೂ ಪಠ್ಯಕ್ರಮದಲ್ಲಿ ಇದಕ್ಕೆ ಹತ್ತು ತಾಸು ಮೀಸಲಿಡಬಹುದಿತ್ತು ಎಂಬ ನೋವು ನನಗೆ ಇಂದಿಗೂ ಇದೆ.

ಬೆಂಗಳೂರಿನ ನಾಲ್ಕು ತಿಂಗಳಲ್ಲಿ ಎರಡು ಕಡೆ ಕೆಲಸಕ್ಕೆ ಕರೆ ಬಂತು. ಒಂದು ಕಡೆ ಗುತ್ತಿಗೆದಾರನ ಮೂಲಕ ಉತ್ಪಾದನಾ ವಿಭಾಗಕ್ಕೆ, ತಿಂಗಳಿಗೆ 18,000 ರೂಪಾಯಿ, ಮೂರು ಪಾಳಿ. ನಾನು ಲೆಕ್ಕ ಹಾಕಿ ನೋಡಿದೆ. ಭವಿಷ್ಯನಿಧಿಯ ಕಡಿತ ಕಳೆದರೆ ಕೈಗೆ ಸುಮಾರು 16,500; ಕಾರ್ಖಾನೆಯ ಹತ್ತಿರದ ಪಿಜಿಗೆ ಊಟ ಸೇರಿ 8,000; ಓಡಾಟ, ಫೋನು, ಔಷಧಿ, ತಿಂಗಳಿಗೊಮ್ಮೆ ಊರಿನ ಪ್ರಯಾಣ ಎಂದು 3,500. ಉಳಿಯುವುದು 5,000. ಗುತ್ತಿಗೆ ಹನ್ನೊಂದು ತಿಂಗಳಿಗೆ ಮಾತ್ರ. ಹಾಗಾಗಿ ಒಪ್ಪಲಿಲ್ಲ. ಇನ್ನೊಂದು ಕಡೆ ಸಂದರ್ಶನ ಚೆನ್ನಾಗಿಯೇ ನಡೆಯಿತು, ಆದರೆ ಸೇರುವ ಮುನ್ನ ‘ತರಬೇತಿ ಶುಲ್ಕ’ವೆಂದು 40,000 ರೂಪಾಯಿ ಕಟ್ಟಲು ಹೇಳಿದರು. ಅದು ಕಂಪನಿಯಲ್ಲ, ಕಂಪನಿಗಳಿಗೆ ಜನರನ್ನು ಒದಗಿಸುವುದಾಗಿ ಹೇಳಿಕೊಳ್ಳುವ ಮಧ್ಯವರ್ತಿ ಸಂಸ್ಥೆ. ನನ್ನ ಜೊತೆ ಅಂದು ಕುಳಿತಿದ್ದ ಗೆಳತಿ ಹಣ ಕಟ್ಟಿದಳು. ಮೂರು ತಿಂಗಳ ತರಗತಿಯಾಯಿತು, ಪ್ರಮಾಣಪತ್ರವೂ ಬಂತು, ಕೆಲಸ ಬರಲಿಲ್ಲ. ಅವಳ ತಂದೆ ಶುಂಠಿ ಮಾರಿದ ಹಣ ಅದು. ಕೆಲಸ ಕೊಡುವವರು ಅಭ್ಯರ್ಥಿಯಿಂದ ಹಣ ಕೇಳಿದರೆ ಅಲ್ಲಿಂದ ಎದ್ದು ಬರಬೇಕು; ಇದನ್ನು ಕಿರಿಯರಿಗೆ ನಾನು ಎಷ್ಟು ಸಲ ಹೇಳಿದರೂ ಸಾಲದು ಅನ್ನಿಸುತ್ತದೆ.

2023ರ ಮೇ ಮೊದಲ ವಾರ ಊರಿಗೆ ಬಂದೆ. ಬಿತ್ತನೆ ಆಲೂಗಡ್ಡೆಯ ಕಾಲ. ಅಪ್ಪಾಜಿ ಹಾಸನದ ಎಪಿಎಂಸಿಗೆ ಹೊರಟಿದ್ದರು, ನಾನೂ ಜೊತೆಗೆ ಹೋದೆ. ನಮ್ಮಲ್ಲಿ ಬಿತ್ತುವ ಗಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬರುತ್ತದೆ. ಹೆಚ್ಚಿನವರು ಬಿತ್ತುವ ತಳಿ ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದದ್ದು. ಮಳೆಗಾಲದಲ್ಲಿ ಬೆಳೆಯುವ ಬೆಳೆಯಾದ್ದರಿಂದ ಮೋಡ ಕವಿದು ಸೋನೆ ಹಿಡಿದರೆ ಅಂಗಮಾರಿ ರೋಗ ಬರುತ್ತದೆ, ಒಂದು ವಾರದಲ್ಲಿ ಹೊಲವೇ ಕಪ್ಪಾಗುತ್ತದೆ. ಆ ರೋಗವನ್ನು ತರುವ ಫೈಟಾಫ್ತೊರಾ ಇನ್‌ಫೆಸ್ಟಾನ್ಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳನ್ನು ನಾನು ಮೈಸೂರಿನಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿದ್ದೆ, ಚಿತ್ರ ಬರೆದು ಅಂಕವನ್ನೂ ಪಡೆದಿದ್ದೆ. ನಮ್ಮ ಹೊಲದಲ್ಲಿ ಅದು ಪ್ರತಿ ವರ್ಷ ಇದ್ದೇ ಇರುತ್ತಿತ್ತು. ಎಪಿಎಂಸಿಯಲ್ಲಿ ಚೀಲಗಳ ನಡುವೆ ನಿಂತಿದ್ದಾಗ ಪಕ್ಕದ ಊರಿನ ರೈತರೊಬ್ಬರು ಅಪ್ಪಾಜಿಯ ಬಳಿ, ‘ಈ ಸಲ ಗಡ್ಡೆ ತಗೊಳ್ಳಲ್ಲ ಕಣಣ್ಣ, ಲ್ಯಾಬಿಂದ ಸಸಿ ತಂದು ನೆಡ್ತೀನಿ’ ಎಂದರು. ಯಾವ ಲ್ಯಾಬು ಎಂದು ನಾನು ಕೇಳಿದೆ. ಹಾಸನದಲ್ಲಿ ನನಗೆ ಕೆಲಸದ ಬಾಗಿಲು ತೆರೆದದ್ದು ಆ ಒಂದು ಪ್ರಶ್ನೆಯಿಂದ.

ಅವರು ಹೇಳಿದ್ದು ಅಂಗಾಂಶ ಕೃಷಿಯ ಬಗ್ಗೆ. ರೋಗವಿಲ್ಲದ ಆಲೂಗಡ್ಡೆ ಗಿಡವನ್ನು ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಸಿ, ನೆರಳುಮನೆಯಲ್ಲಿ ಅದರ ಕುಡಿಗಳನ್ನು ಕತ್ತರಿಸಿ, ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೇರು ಬರಿಸಿ ರೈತರಿಗೆ ಕೊಡುವ ವಿಧಾನ ಹಾಸನ ಸೀಮೆಯಲ್ಲಿ ಕೆಲವು ವರ್ಷಗಳಿಂದ ಹರಡುತ್ತಿದೆ. ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ನೆರವೂ ಇದರ ಹಿಂದೆ ಇದೆ. ಆ ಸಸಿ ನೆಟ್ಟು ಬಂದ ಗಡ್ಡೆಯನ್ನು ಮುಂದೆ ಬಿತ್ತನೆಗೆ ಬಳಸಬಹುದಾದ್ದರಿಂದ ಜಲಂಧರ್ ಚೀಲದ ಮೇಲಿನ ಅವಲಂಬನೆ ತಗ್ಗುತ್ತದೆ.

ಅಂದು ಸಂಜೆ ಮನೆಗೆ ಬಂದವಳು ಒಂದು ಹಾಳೆ ತೆಗೆದುಕೊಂಡು, ಹಾಸನ ಹಾಗೂ ಚಿಕ್ಕಮಗಳೂರು ಸೀಮೆಯಲ್ಲಿ ಜೀವಿಗಳ ಜೊತೆ ಕೆಲಸ ಮಾಡುವ ಜಾಗಗಳು ಯಾವುವು ಎಂದು ಬರೆಯಲು ಕುಳಿತೆ. ಬರೆಯುತ್ತಾ ಹೋದಂತೆ ಹಾಳೆ ಸಾಲದಾಯಿತು. ಹಾಲು ಒಕ್ಕೂಟದ ಡೇರಿ ಮತ್ತು ಅದರ ಪ್ರಯೋಗಾಲಯ, ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಪಶುವೈದ್ಯಕೀಯ ಕಾಲೇಜು, ಕಾರೆಕೆರೆಯ ಕೃಷಿ ಕಾಲೇಜು (ಅಲ್ಲಿ ಜೈವಿಕ ತಂತ್ರಜ್ಞಾನದಲ್ಲಿ ಬಿ.ಟೆಕ್. ಕೂಡ ಇದೆ), ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಸಕಲೇಶಪುರದ ದೋಣಿಗಾಲ್‌ನಲ್ಲಿ ಸಾಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರ, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ (ಕಾಫಿ ಗಿಡದ ಕಾಂಡಕೊರಕ ಹುಳಕ್ಕೂ ಎಲೆ ತುಕ್ಕು ರೋಗಕ್ಕೂ ಮದ್ದು ಹುಡುಕುತ್ತಾ ಚಂದ್ರಗಿರಿಯಂಥ ತಳಿಗಳನ್ನು ಕೊಟ್ಟ ಸಂಸ್ಥೆ), ಜಿಲ್ಲಾ ಮಟ್ಟದ ಕುಡಿಯುವ ನೀರಿನ ಪರೀಕ್ಷಾ ಕೇಂದ್ರ, ಹಾಸನದ ಹೊರಗೆ ಜವಳಿಗೂ ಔಷಧಕ್ಕೂ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ರೂಪಿಸಿದ ವಿಶೇಷ ಆರ್ಥಿಕ ವಲಯಗಳು. ಇವುಗಳಲ್ಲಿ ಯಾವುದರ ಫಲಕದ ಮೇಲೂ ‘ಲೈಫ್ ಸೈನ್ಸಸ್’ ಎಂದು ಬರೆದಿರುವುದನ್ನು ನಾನು ಕಂಡಿಲ್ಲ. ನಮ್ಮೂರಿನವರ ಬಾಯಲ್ಲಿ ಅವು ಡೇರಿ, ದೊಡ್ಡಾಸ್ಪತ್ರೆ, ಕಾಫಿ ಬೋರ್ಡು, ಫ್ಯಾಕ್ಟರಿ. ಹಾಗಾಗಿಯೇ ನನ್ನ ಪದವಿಗೂ ಅವುಗಳಿಗೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ.

ಪಟ್ಟಿ ಮಾಡಿದ ಮೇಲೆ ಒಂದೊಂದನ್ನೂ ವಿಚಾರಿಸಿದೆ. ಆಸ್ಪತ್ರೆಯ ಪ್ರಯೋಗಾಲಯಕ್ಕೆ ಲ್ಯಾಬ್ ತಂತ್ರಜ್ಞರ ಕೋರ್ಸುಗಳಾದ ಡಿಎಂಎಲ್‌ಟಿ ಅಥವಾ ಬಿ.ಎಸ್ಸಿ. ಎಂಎಲ್‌ಟಿ ಆದವರೇ ಬೇಕು, ಎಂ.ಎಸ್ಸಿ. ಹೆಚ್ಚಿನ ಪದವಿಯಾದರೂ ಆ ಹುದ್ದೆಗೆ ಅದು ಅರ್ಹತೆಯಲ್ಲ. ಡೇರಿಯ ಹುದ್ದೆಗಳಿಗೆ ಅಧಿಸೂಚನೆ ಹೊರಟಾಗ ಅರ್ಜಿ ಹಾಕಿ ಪರೀಕ್ಷೆ ಬರೆಯಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಸಂಶೋಧನಾ ಕೇಂದ್ರಗಳಲ್ಲಿ ಹೊಸಬರಿಗೆ ಸಿಗುವುದು ಯೋಜನೆ ಇರುವವರೆಗಿನ ತಾತ್ಕಾಲಿಕ ಹುದ್ದೆ. ಅಂಥದ್ದೊಂದಕ್ಕೆ ಸಂದರ್ಶನಕ್ಕೆ ಹೋಗಿದ್ದೆ, ತೋಟದ ಕೆಲಸ ಗೊತ್ತಿದ್ದ ಇನ್ನೊಬ್ಬರಿಗೆ ಅದು ಸಿಕ್ಕಿತು, ಅದು ನ್ಯಾಯವೂ ಆಗಿತ್ತು. ಉಳಿದದ್ದು ಖಾಸಗಿ ಅಂಗಾಂಶ ಕೃಷಿ ಘಟಕ ಮತ್ತು ಔಷಧ ಕಾರ್ಖಾನೆಗಳು. ಮೊದಲನೆಯದರಲ್ಲಿ ಜೂನ್ ತಿಂಗಳಲ್ಲಿ ಕೆಲಸ ಸಿಕ್ಕಿತು. ತಿಂಗಳಿಗೆ 11,000 ರೂಪಾಯಿ, ಭವಿಷ್ಯನಿಧಿ ಇಲ್ಲ.

ಎಂಟು ತಿಂಗಳು ಅಲ್ಲಿದ್ದೆ. ನನ್ನ ಎಂ.ಎಸ್ಸಿ.ಯ ಎರಡು ವರ್ಷಕ್ಕಿಂತ ಹೆಚ್ಚು ಕಲಿತದ್ದು ಆ ಎಂಟು ತಿಂಗಳಲ್ಲಿ ಎಂದು ಹೇಳಲು ನನಗೆ ಸಂಕೋಚವಿಲ್ಲ. ಬಾಟಲಿಗಳಿಗೆ ಹಾಕುವ ಆಹಾರವನ್ನು ಮುರಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಸೂತ್ರದಂತೆ ತಯಾರಿಸುತ್ತಾರೆ, ಎಲ್ಲರೂ ಅದನ್ನು ‘ಎಂಎಸ್ ಮೀಡಿಯ’ ಎನ್ನುತ್ತಾರೆ. ಲೀಟರಿಗೆ 30 ಗ್ರಾಂ ಸಕ್ಕರೆ, ಆಮ್ಲೀಯತೆಯ ಅಳತೆಯಾದ ಪಿಎಚ್ ಅನ್ನು 5.8ಕ್ಕೆ ಹೊಂದಿಸಿ, ಗಟ್ಟಿಯಾಗಲು ಅಗರ್ ಬೆರೆಸಿ, 121 ಡಿಗ್ರಿಯಲ್ಲಿ ಹಬೆಯ ಒತ್ತಡಕ್ಕಿಟ್ಟು ಕ್ರಿಮಿಶುದ್ಧ ಮಾಡಬೇಕು. ಆಮೇಲೆ ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಯಂತ್ರದ ಮುಂದೆ ಕುಳಿತು, ಗಿಡವನ್ನು ಗೆಣ್ಣು ಗೆಣ್ಣಿಗೆ ಕತ್ತರಿಸಿ ಹೊಸ ಬಾಟಲಿಗೆ ನೆಡಬೇಕು. ಸಕ್ಕರೆ ಇರುವ ಕಡೆ ಬ್ಯಾಕ್ಟೀರಿಯವೂ ಬೂಷ್ಟೂ ಕಾಯುತ್ತಲೇ ಇರುತ್ತವೆ. ಕೈ ಒಂದು ಕ್ಷಣ ತಪ್ಪಿದರೆ ನಾಲ್ಕನೆಯ ದಿನ ಬಾಟಲಿ ಹಾಲಿನಂತೆ ಮಬ್ಬಾಗಿರುತ್ತದೆ.

ಆ ಕೋಣೆಯಲ್ಲಿ ಕೂತು ಕತ್ತರಿಸುತ್ತಿದ್ದವರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು, ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಓದಿದವರು. ನನಗಿಂತ ಮೂರು ಪಟ್ಟು ವೇಗ, ಅವರ ಬಾಟಲಿ ಕೆಡುತ್ತಿದ್ದದ್ದೂ ಬಹಳ ಕಡಿಮೆ. ನನ್ನ ಮೊದಲ ವಾರದ ಐವತ್ತು ಬಾಟಲಿಗಳಲ್ಲಿ ಹದಿನೆಂಟು ಕೆಟ್ಟವು. ಪಕ್ಕದ ಯಂತ್ರದ ಅಕ್ಕ ಎರಡು ದಿನ ನನ್ನನ್ನು ನೋಡುತ್ತಿದ್ದು, ‘ತೆರೆದ ಬಾಟ್ಲಿ ಮೇಲೆ ಕೈ ಆಡುಸ್ತೀಯ ಕಣವ್ವ, ಅಲ್ಲಿಂದ್ಲೇ ಬೀಳೋದು. ಬಾಟ್ಲಿ ಓರೆ ಹಿಡಿ, ಕೈ ಹಿಂದ್ಗಡೆನೇ ಇರ್ಲಿ’ ಎಂದು ತೋರಿಸಿಕೊಟ್ಟರು. ಗಾಳಿ ಯಂತ್ರದ ಒಳಗಿನಿಂದ ನಮ್ಮ ಕಡೆಗೆ ಬೀಸುತ್ತದೆ, ಅದರ ದಾರಿಗೆ ಯಾವುದೂ ಅಡ್ಡ ಬರಬಾರದು ಎಂಬ ತತ್ತ್ವವನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ನನ್ನ ಮಣಿಕಟ್ಟಿಗೆ ಬಂದದ್ದು ಅವರಿಂದ. ಆ ಅಕ್ಕನ ಸಂಬಳ ನನ್ನದಕ್ಕಿಂತ ಎರಡು ಸಾವಿರ ಕಡಿಮೆಯಿತ್ತು. ನನಗೆ ಹೆಚ್ಚು ಕೊಟ್ಟದ್ದು ಪದವಿಗೆ, ಕೆಲಸಕ್ಕಲ್ಲ, ಮತ್ತು ಅದು ಸರಿಯಲ್ಲ ಎಂದು ಅಂದೂ ಅನ್ನಿಸಿತ್ತು. ನಗರದ ಉದ್ಯೋಗದ ಮಾತು ಬಂದಾಗ ಎಲ್ಲರೂ ಪದವೀಧರರ ಬಗ್ಗೆಯೇ ಮಾತಾಡುತ್ತಾರೆ. ಜೀವ ವಿಜ್ಞಾನದ ಕೆಲಸವನ್ನು ದಿನವೂ ಕೈಯಾರೆ ಮಾಡುವ ಇಂಥವರನ್ನು ಯಾರೂ ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ಅಲ್ಲಿಯೇ ನಾನು ಬರೆದಿಡುವುದನ್ನು ರೂಢಿಸಿಕೊಂಡೆ. ಯಾರೂ ಹೇಳದಿದ್ದರೂ, ಯಾವ ದಿನ, ಯಾವ ಸಲ ತಯಾರಿಸಿದ ಮೀಡಿಯ, ಯಾವ ಯಂತ್ರ, ಎಷ್ಟು ಬಾಟಲಿ, ಎಷ್ಟು ಕೆಟ್ಟವು, ಮಬ್ಬಾಗಿದ್ದವೋ ಬೂಷ್ಟು ಬಂದಿತ್ತೋ ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನವೂ ಬರೆದೆ. ಎರಡು ತಿಂಗಳಾದ ಮೇಲೆ ಪುಟ ತಿರುವಿ ನೋಡಿದರೆ, ಕೆಟ್ಟ ಬಾಟಲಿಗಳಲ್ಲಿ ಬಹುಪಾಲು ಒಂದೇ ಯಂತ್ರದ ಬಳಿ ತಯಾರಾದವು. ಅದರ ಗಾಳಿ ಸೋಸುವ ಶೋಧಕವನ್ನು ಬದಲಿಸುವ ಕಾಲ ಮೀರಿತ್ತು. ಬೆಂಗಳೂರಿನ ಆ ಹಿರಿಯರ ಪ್ರಶ್ನೆಗೆ ಉತ್ತರ ನನಗೆ ಅರ್ಥವಾದದ್ದು ಆ ದಿನ.

2024ರ ಜನವರಿ ಕಳೆಯುವ ಹೊತ್ತಿಗೆ ಸಸಿಗಳ ಬೇಡಿಕೆ ಇಳಿದು, ಘಟಕದಲ್ಲಿ ಜನರನ್ನು ಕಡಿಮೆ ಮಾಡಿದರು. ಮನೆಯಲ್ಲಿ ಮದುವೆಯ ಮಾತು ಶುರುವಾಯಿತು. ದೊಡ್ಡಪ್ಪ ಬಂದು ಅಪ್ಪಾಜಿಯ ಮುಂದೆ, ‘ಗಾರ್ಮೆಂಟ್ಸಿಗೆ ಹೋಗೋ ಹುಡ್ಗೀರು ಇವ್ಳಿಗಿಂತ ಜಾಸ್ತಿ ತರ್ತಾರಲ್ಲಪ್ಪ, ಇಷ್ಟು ಓದ್ಸಿ ಏನಾಯ್ತು?’ ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಸನದ ಜವಳಿ ಕಾರ್ಖಾನೆಗಳ ಬಸ್ಸು ನಮ್ಮ ಊರಿನ ಬಾಗಿಲಿಗೇ ಬರುತ್ತದೆ, ಪಕ್ಕದ ಮನೆಯ ಇಬ್ಬರು ಅದರಲ್ಲೇ ಹೋಗಿ ದುಡಿದು ಮನೆಗೆ ಮಾಳಿಗೆ ಹಾಕಿಸಿದ್ದಾರೆ. ಅಪ್ಪಾಜಿ ಉತ್ತರ ಕೊಡದೆ ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೋದರು. ಹಿಂತಿರುಗಿ ಬಂದವರು ನನ್ನನ್ನು ಕರೆದು, ‘ಇನ್ನಾರು ತಿಂಗಳು ನೋಡವ್ವ’ ಎಂದಷ್ಟೇ ಹೇಳಿದರು.

ಆರು ತಿಂಗಳು ಬೇಕಾಗಲಿಲ್ಲ. ಅದೇ ವೇಳೆಗೆ ಕೇಂದ್ರ ಸರ್ಕಾರ ಔಷಧ ನಿಯಮಗಳ ‘ಶೆಡ್ಯೂಲ್ ಎಂ’ ಭಾಗವನ್ನು ಪರಿಷ್ಕರಿಸಿತ್ತು. ಔಷಧ ತಯಾರಿಸುವ ಜಾಗ, ಪರೀಕ್ಷೆ, ದಾಖಲೆ, ಸಿಬ್ಬಂದಿಯ ತರಬೇತಿ ಹೇಗಿರಬೇಕು ಎಂದು ಹೇಳುವ ಭಾಗ ಅದು. ವಾರ್ಷಿಕ ವಹಿವಾಟು 250 ಕೋಟಿ ರೂಪಾಯಿ ದಾಟಿದ ಕಂಪನಿಗಳಿಗೆ ಆರು ತಿಂಗಳು, ಉಳಿದ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಒಂದು ವರ್ಷದ ಗಡುವು ಕೊಟ್ಟಿತ್ತು. ಸಣ್ಣವರ ಗಡುವನ್ನು ಆಮೇಲೆ 2025ರ ಕೊನೆಯವರೆಗೆ ವಿಸ್ತರಿಸಿತು. ಈ ಒತ್ತಡದಿಂದ ಕ್ಯೂಸಿ ವಿಭಾಗಕ್ಕೆ ಜನ ಬೇಕಾಗಿದ್ದಾರೆ ಎಂದು ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರು ತಿಳಿಸಿದರು. ಪತ್ರಿಕೆಯಲ್ಲಿ ಜಾಹೀರಾತು ಇರಲಿಲ್ಲ. ಹಾಸನದಂಥ ಊರಿನಲ್ಲಿ ಇಂಥ ಕೆಲಸಗಳು ಜಾಹೀರಾತಿನವರೆಗೆ ಬರುವುದು ಕಡಿಮೆ, ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ತಲುಪುವಷ್ಟರಲ್ಲೇ ತುಂಬಿಹೋಗುತ್ತವೆ.

ಸಂದರ್ಶನ ಎರಡು ಭಾಗದ್ದಾಗಿತ್ತು. ಮೊದಲು ಸೂಕ್ಷ್ಮಜೀವಿ ಪರೀಕ್ಷೆ ನಡೆಸುವ ಮೈಕ್ರೊ ಲ್ಯಾಬಿಗೆ ಕರೆದುಕೊಂಡು ಹೋಗಿ, ಒಂದು ಮಾದರಿ ಕೊಟ್ಟು, ತೆಳುಗೊಳಿಸಿ ಪ್ಲೇಟಿಗೆ ಹಾಕಿ ಪಕ್ಕದ ಹಾಳೆಯಲ್ಲಿ ಬರೆಯಲು ಹೇಳಿದರು. ಬರೆಯುವಾಗ ಸಮಯವನ್ನು ತಪ್ಪಾಗಿ ಬರೆದೆ. ತಿದ್ದಿ ಬರೆಯುವ ಬದಲು, ತಪ್ಪಿನ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಿದೆ. ಬೆಂಗಳೂರಿನ ಆ ಸಂದರ್ಶನದ ನಂತರ ಓದಿಕೊಂಡಿದ್ದ ವಿಷಯ ಅದು. ಪಕ್ಕದಲ್ಲಿ ನಿಂತಿದ್ದ ಮೇಲ್ವಿಚಾರಕಿ ಆ ಗೆರೆಯನ್ನು ನೋಡಿದರು, ನನ್ನ ಪ್ಲೇಟನ್ನು ಅಷ್ಟಾಗಿ ನೋಡಲಿಲ್ಲ. ಎರಡನೆಯ ಭಾಗದಲ್ಲಿ, ಬ್ಯಾಗಿನಲ್ಲಿದ್ದ ಅಂಗಾಂಶ ಕೃಷಿಯ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. ಅವರು ಹತ್ತು ನಿಮಿಷ ಪುಟ ತಿರುವಿದರು. ಅಂಕಪಟ್ಟಿಯನ್ನು ಕೊನೆಯಲ್ಲಿ, ಬಾಗಿಲ ಬಳಿ ಎದ್ದು ನಿಂತಾಗ ಕೇಳಿದರು. 2024ರ ಏಪ್ರಿಲ್‌ನಿಂದ ಒಂದು ವರ್ಷ ಟ್ರೈನಿ, ತಿಂಗಳಿಗೆ 15,000 ರೂಪಾಯಿ, ಭವಿಷ್ಯನಿಧಿ ಮತ್ತು ಇಎಸ್‌ಐ ಎರಡೂ ಇವೆ ಎಂದರು. ಬೆಂಗಳೂರಿನ 18,000ಕ್ಕಿಂತ ಇದು ಮೂರು ಸಾವಿರ ಕಡಿಮೆ. ಆದರೆ ಮನೆಯ ಊಟ, ಮನೆಯಲ್ಲೇ ವಾಸ, ಕಂಪನಿಯ ಬಸ್ಸು. ತಿಂಗಳಿಗೆ ಹತ್ತು ಸಾವಿರ ಉಳಿಸುವುದು ಸಾಧ್ಯವಾಯಿತು.

ಮೊದಲ ಮೂರು ವಾರ ಬರೀ ಓದು. ಪ್ರತಿ ಕೆಲಸಕ್ಕೂ ಅದನ್ನು ಮಾಡುವ ಕ್ರಮ ಬರೆದ ಒಂದು ಎಸ್‌ಒಪಿ. ಅದನ್ನು ಓದಿ, ಸಹಿ ಹಾಕಿ, ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ ಮಾತ್ರ ಕೈ ಹಾಕಲು ಅನುಮತಿ. ಆಮೇಲೆ ನೀರಿನ ಮಾದರಿ ಸಂಗ್ರಹಿಸುವ ಕೆಲಸ. ಔಷಧಕ್ಕೆ ಬಳಸುವ ಶುದ್ಧೀಕರಿಸಿದ ನೀರಿನಲ್ಲಿ ಮಿಲಿಲೀಟರಿಗೆ 100ಕ್ಕಿಂತ ಹೆಚ್ಚು ಸೂಕ್ಷ್ಮಜೀವಿಗಳಿರಬಾರದು. ಮಾತ್ರೆಗಳಾದರೆ ಗ್ರಾಂಗೆ ಒಟ್ಟು ಬ್ಯಾಕ್ಟೀರಿಯ ಸಾವಿರದೊಳಗೆ, ಯೀಸ್ಟ್ ಮತ್ತು ಬೂಷ್ಟು ನೂರರೊಳಗೆ ಇರಬೇಕು, ಇ. ಕೋಲಿ ಎಂಬ ಬ್ಯಾಕ್ಟೀರಿಯ ಇರಲೇಬಾರದು. ಬೂಷ್ಟಿನ ಪ್ಲೇಟುಗಳನ್ನು 20ರಿಂದ 25 ಡಿಗ್ರಿಯಲ್ಲಿ ಐದರಿಂದ ಏಳು ದಿನ ಇಡಬೇಕಾದ್ದರಿಂದ, ತಯಾರಾದ ಔಷಧ ಉಗ್ರಾಣದಲ್ಲಿ ನಮ್ಮ ಫಲಿತಾಂಶಕ್ಕಾಗಿ ಕಾಯುತ್ತಿರುತ್ತದೆ. ರಾಸಾಯನಿಕ ಪರೀಕ್ಷೆ ಒಂದೆರಡು ದಿನದಲ್ಲಿ ಮುಗಿಯುತ್ತದೆ, ಜೀವಿ ಬೆಳೆಯಲು ತನ್ನ ಸಮಯವನ್ನೇ ತೆಗೆದುಕೊಳ್ಳುತ್ತದೆ. ಹೀಗಾಗಿ ಉತ್ಪಾದನಾ ವಿಭಾಗದವರಿಗೆ ಮೈಕ್ರೊ ಲ್ಯಾಬಿನ ಮೇಲೆ ಯಾವಾಗಲೂ ಸ್ವಲ್ಪ ಅವಸರ ಇದ್ದೇ ಇರುತ್ತದೆ.

ಸೇರಿದ ಐದನೆಯ ತಿಂಗಳಲ್ಲಿ ನನ್ನ ಕಂಟ್ರೋಲ್ ಪ್ಲೇಟಿನಲ್ಲಿ ಒಂದು ಕಾಲೊನಿ ಬಂತು. ಬಿಳಿ, ದುಂಡಗೆ, ಸಾಸಿವೆಗಿಂತ ಚಿಕ್ಕದು. ಅದು ಐದನೆಯ ದಿನ. ಮಾದರಿಯ ಪ್ಲೇಟುಗಳೆಲ್ಲ ಸ್ವಚ್ಛವಾಗಿದ್ದವು, ಮರುದಿನ ಆ ಬ್ಯಾಚು ಹೊರಡಬೇಕಿತ್ತು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಕೈ ತಣ್ಣಗಾದದ್ದು ನನಗೆ ನೆನಪಿದೆ. ದಾಖಲೆಯಲ್ಲಿ ‘1’ ಎಂದು ಬರೆದು, ಮೇಲ್ವಿಚಾರಕಿಯನ್ನು ಕರೆದು ತೋರಿಸಿದೆ. ಬ್ಯಾಚು ನಿಂತಿತು, ತನಿಖೆ ನಡೆಯಿತು, ಎರಡು ದಿನ ಎಲ್ಲರೂ ನನ್ನ ಮೇಜಿನ ಸುತ್ತ ಇದ್ದರು. ಜೀವಿಯನ್ನು ಬಣ್ಣ ಹಾಕಿ ನೋಡಿದಾಗ ಮನುಷ್ಯರ ಚರ್ಮದ ಮೇಲಿರುವ ಬಗೆಯದು. ಕೈಗವಸು ಬದಲಿಸಬೇಕಾದ ಒಂದು ಹಂತದಲ್ಲಿ ನಾನು ಬದಲಿಸಿರಲಿಲ್ಲ ಎಂಬುದು ವಿಚಾರಣೆಯಲ್ಲಿ ತಿಳಿಯಿತು. ತಪ್ಪು ನನ್ನದೆಂದು ಬರೆದು ಸಹಿ ಹಾಕಿದೆ. ಮತ್ತೆ ತರಬೇತಿ, ಮತ್ತೆ ಪರೀಕ್ಷೆ, ಬ್ಯಾಚು ಒಂದು ವಾರ ತಡವಾಗಿ ಹೊರಟಿತು. ನನ್ನನ್ನು ಕೆಲಸದಿಂದ ತೆಗೆಯಬಹುದೆಂದು ಮನೆಯಲ್ಲಿ ಹೇಳಿದ್ದೆ. ತೆಗೆಯಲಿಲ್ಲ, 2025ರ ಏಪ್ರಿಲ್‌ನಲ್ಲಿ ಕಾಯಂ ಮಾಡಿದರು, ಸಂಬಳ 19,500 ಆಯಿತು.

ಇದು ದೊಡ್ಡ ಸಂಬಳವಲ್ಲ ಎಂದು ನನಗೆ ಗೊತ್ತು. ಮೂರು ವರ್ಷದ ಅನುಭವವಾದ ಮೇಲೆ ನನ್ನ ಜೊತೆಯವರಲ್ಲಿ ಹಲವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ, ಅಲ್ಲಿ ಇದರ ಒಂದೂವರೆ ಪಟ್ಟು ಸಿಗುತ್ತದೆ. ಹಾಸನದಲ್ಲಿ ಇಂಥ ಕಾರ್ಖಾನೆಗಳು ಬೆರಳೆಣಿಕೆಯಷ್ಟಿರುವುದರಿಂದ ಒಂದನ್ನು ಬಿಟ್ಟರೆ ಇನ್ನೊಂದಕ್ಕೆ ಹೋಗುವ ಅವಕಾಶ ಕಡಿಮೆ. ನಾನು ಹೋಗುತ್ತೇನೋ ಇಲ್ಲವೋ ಇನ್ನೂ ತೀರ್ಮಾನಿಸಿಲ್ಲ. ಅಪ್ಪಾಜಿ ಕಳೆದ ಮುಂಗಾರಿನಲ್ಲಿ ಹತ್ತು ಗುಂಟೆಗೆ ಕುಡಿಯಿಂದ ಮಾಡಿದ ಸಸಿಗಳನ್ನು ನೆಟ್ಟರು. ಬಂದ ಗಡ್ಡೆಯನ್ನು ಬಿತ್ತನೆಗೆಂದು ಅಟ್ಟದ ಮೇಲೆ ಹರವಿದ್ದಾರೆ, ವಾರಕ್ಕೊಮ್ಮೆ ನನ್ನನ್ನು ಕರೆದು ಕೊಳೆತದ್ದು ಇದೆಯೇ ಎಂದು ನೋಡಿಸುತ್ತಾರೆ.

ನನ್ನ ಹಳೆಯ ಪಟ್ಟಿಯ ಹಾಳೆಯನ್ನು ಕಾಲೇಜಿನ ಅಧ್ಯಾಪಕರೊಬ್ಬರಿಗೆ ಕಳಿಸಿದ್ದೆ, ಅವರು ಅದನ್ನು ವಿಭಾಗದ ಫಲಕಕ್ಕೆ ಹಚ್ಚಿದ್ದಾರಂತೆ. ಅದನ್ನು ನೋಡಿ ಆಲೂರು ಕಡೆಯ ಒಬ್ಬ ವಿದ್ಯಾರ್ಥಿನಿ ಕಳೆದ ವಾರ ಫೋನು ಮಾಡಿದ್ದಳು, ನಮ್ಮಲ್ಲಿ ಟ್ರೈನಿಗಳನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಲು. ಬರುವ ಭಾನುವಾರ ಹಾಸನದ ಬಸ್ ನಿಲ್ದಾಣದ ಬಳಿ ಭೇಟಿಯಾಗೋಣ ಎಂದಿದ್ದೇನೆ. ಅಂಕಪಟ್ಟಿ ತರಲೇ ಅಕ್ಕ ಎಂದು ಕೇಳಿದಳು. ಪ್ರಾಯೋಗಿಕ ತರಗತಿಯ ರೆಕಾರ್ಡ್ ಪುಸ್ತಕವಲ್ಲದೆ, ಪ್ರಯೋಗ ಮಾಡುತ್ತಾ ಬರೆದುಕೊಂಡ ಕಚ್ಚಾ ಪುಸ್ತಕವನ್ನೂ ತರಲು ಹೇಳಿದೆ, ಅದರಲ್ಲಿ ಹೊಡೆದುಹಾಕಿದ ಸಾಲುಗಳಿದ್ದರೂ ಹಾಗೆಯೇ ಇರಲಿ ಎಂದೆ.